ಅತ್ತಿಗೆಯ ಎಡಗಾಲು

ನಮ್ಮತ್ತಿಗೆಗೆ ಜನ ಇಟ್ಟಿರುವ ಹೆಸರು ಕ್ಲಚ್ಚಕ್ಕ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಕರೆದರೂ ಅವರು ಸಿಟ್ಟಾಗುವವರಲ್ಲ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿರುವವಳು ನಾನು. ಅತ್ತಿಗೆ ಮೂವತ್ತೊಂದು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾರೆ. ಅವರು ಕಾರಿನಲ್ಲಿರುತ್ತಾರೆ, ನಾನು ಮೇಜಿನ ಹಿಂದಿರುತ್ತೇನೆ. ಹೊಸಬರನ್ನು ಸೇರಿಸಿಕೊಳ್ಳುವುದು, ಯಾರಿಗೆ ಎಷ್ಟು ಗಂಟೆಗೆ ಎಂದು ಹೇಳುವುದು, ಪರೀಕ್ಷೆಗೆ ಹೆಸರು ಕಳಿಸುವುದು, ಫೇಲಾದವರು ಬಂದು ಅತ್ತರೆ ನೀರು ಕೊಟ್ಟು ಕೂರಿಸುವುದು, ಇಷ್ಟೂ ನನ್ನ ಪಾಲಿನ ಕೆಲಸ. ನಮ್ಮಣ್ಣ ಮನೆಯಲ್ಲಿ ಅಡುಗೆ ನೋಡಿಕೊಳ್ಳುತ್ತಾನೆ. ನಮ್ಮಿಬ್ಬರ ನಡುವೆ ಬಾಯಿ ಹಾಕಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು.

ನಮ್ಮದು ಒಂದೇ ಕೋಣೆ. ಒಂದು ಪಕ್ಕ ದರ್ಜಿ, ಇನ್ನೊಂದು ಪಕ್ಕ ಬೀಗದ ಕೈ ಮಾಡುವವನು. ಬಾಗಿಲ ಮುಂದೆ ಬಿಳಿ ಕಾರು, ತಲೆಯ ಮೇಲೊಂದು ಬೋರ್ಡು. ಆ ಕಾರಿನಲ್ಲಿ ಕಲಿಯುವವರ ಕಾಲಬುಡದಲ್ಲಿ ಎಲ್ಲ ಕಾರುಗಳ ಹಾಗೆ ಮೂರು ಪೆಡಲ್ ಇವೆ. ಪಕ್ಕದ ಸೀಟಿನಲ್ಲಿ, ಅತ್ತಿಗೆಯ ಕಾಲಬುಡದಲ್ಲಿ, ಇನ್ನೆರಡು ಪೆಡಲ್ ಇವೆ: ಒಂದು ಕ್ಲಚ್, ಒಂದು ಬ್ರೇಕ್. ಒಳಗಿಂದ ಕಂಬಿ ಹಾಕಿ ಜೋಡಿಸಿದ್ದಾರೆ. ಅತ್ತಿಗೆ ಒತ್ತಿದರೆ ಕಲಿಯುವವರ ಪೆಡಲೂ ತಾನಾಗಿಯೇ ಕೆಳಗೆ ಹೋಗುತ್ತದೆ.

ಮದುವೆಗೆ ಮುಂಚೆ ಅತ್ತಿಗೆ ಹಾಲಿನ ವ್ಯಾನು ಓಡಿಸುತ್ತಿದ್ದರು. ಅವರಪ್ಪ ಸೊಂಟ ಹಿಡಿದು ಮಲಗಿದಾಗ ವ್ಯಾನಿನ ಕೀಲಿ ಕೈಗೆ ಬಂತು. ಯಾರೂ ಕಲಿಸಲಿಲ್ಲ, ಹಾಲು ಚೆಲ್ಲಿ ಚೆಲ್ಲಿಯೇ ಕಲಿತರು. ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಕ್ಯಾನು ಉರುಳುತ್ತದೆ, ಮೆಲ್ಲಗೆ ಬಿಟ್ಟರೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ಅಲ್ಲಿಂದ ಅವರಿಗೆ ಡ್ರೈವಿಂಗ್ ಎಂದರೆ ಕ್ಲಚ್ಚು, ಉಳಿದದ್ದೆಲ್ಲ ನಂಟರು. ಸ್ಕೂಲ್ ಶುರು ಮಾಡಿದ ಎರಡನೇ ವರ್ಷ ದಿಬ್ಬದ ಮೇಲೆ ಒಬ್ಬ ಹುಡುಗಿಯ ಕೈಯಲ್ಲಿ ಕಾರು ಹಿಂದಕ್ಕೆ ಜಾರಿ ಗೋಡೆಗೆ ಗುದ್ದಿತು. ಹುಡುಗಿಯ ಮಂಡಿ ಚಿಪ್ಪು ಒಡೆಯಿತು. ಆ ವಾರವೇ ಅತ್ತಿಗೆ ತಮ್ಮ ಕಡೆಗೂ ಪೆಡಲ್ ಹಾಕಿಸಿದರು. ಮತ್ತೆಂದೂ ಅವರ ಕಾರು ಯಾವ ಗೋಡೆಯನ್ನೂ ಮುಟ್ಟಿಲ್ಲ.

ಸೇರಲು ಬಂದವರನ್ನು ನಾನು ತಪ್ಪದೆ ಒಂದು ಮಾತು ಕೇಳುತ್ತೇನೆ, ಕಲಿತ ಮೇಲೆ ಯಾವ ಕಾರು ಓಡಿಸುತ್ತೀರಿ ಎಂದು. ಕೆಲವು ವರ್ಷದ ಹಿಂದೆ ಉತ್ತರಕ್ಕೆ ಕಾಯಬೇಕಾಗಿರಲಿಲ್ಲ. ಈಗ ಹತ್ತು ಜನರಲ್ಲಿ ಮೂವರೋ ನಾಲ್ವರೋ ಎಲೆಕ್ಟ್ರಿಕ್ ಎನ್ನುತ್ತಾರೆ. ಮೊದಲು ಅದು ದೊಡ್ಡ ಗೇಟಿನ ಮನೆಯವರ ಆಟಿಕೆ ಎಂದುಕೊಂಡಿದ್ದೆ. ನಮ್ಮ ಮೇಜಿನ ಮುಂದೆ ಕೂತು ಹಾಗೆ ಹೇಳುವವರು ಮೂವತ್ತರ ಆಚೀಚೆಯವರು, ತಿಂಗಳ ಸಂಬಳದವರು: ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಶಾಲೆಯ ಗುಮಾಸ್ತ, ಡ್ರಾಯಿಂಗ್ ಟೀಚರ್. ಅರ್ಧದಷ್ಟು ಜನ ಕೊಳ್ಳುವುದು ಬೇರೆಯವರು ಎರಡು ಮೂರು ವರ್ಷ ಓಡಿಸಿ ಬಿಟ್ಟದ್ದನ್ನು.

ಗಾಳಿ ಶುದ್ಧವಾಗಿರಲಿ ಎಂದು ಕೊಂಡೆ ಎಂದವರು ನನಗೆ ಒಬ್ಬರೋ ಇಬ್ಬರೋ ಸಿಕ್ಕಿರಬಹುದು. ದಿನಾ ಅದೇ ದಾರಿ, ಅದೇ ದೂರ, ಇಷ್ಟಕ್ಕೆ ಸಾಕು ಎನ್ನುತ್ತಾರೆ ಉಳಿದವರು. ಕೊಳ್ಳುವ ಒಬ್ಬರಿಗೆ ಕೊಳ್ಳಲೋ ಬೇಡವೋ ಎಂದು ಒದ್ದಾಡುವವರು ಮೂವರಿರುತ್ತಾರೆ. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿ, ಕಾರು ಬೀದಿಯಲ್ಲಿ; ವೈರನ್ನು ಕಿಟಕಿಯಿಂದ ಇಳಿಬಿಡಲು ಅದೇನು ತರಕಾರಿ ಬುಟ್ಟಿಯೇ? ಅಂಚೆ ಕಚೇರಿಯ ಒಬ್ಬ ಕೊಂಡು ಎಂಟೇ ತಿಂಗಳಿಗೆ ಮಾರಿಬಿಟ್ಟ. ಚಾರ್ಜಿಂಗ್ ಜಾಗದಲ್ಲಿ ಕಾದು ಕಾದು ಹೆಂಡತಿಯ ಜೊತೆ ಆಡಬೇಕಾದ ಜಗಳವೆಲ್ಲ ಮುಗಿದುಹೋಯಿತು ಎಂದು ನನ್ನೆದುರೇ ಹೇಳಿದ. ಅದರಲ್ಲಿ ಕ್ಲಚ್ಚಿಲ್ಲ, ಅದಕ್ಕೇ ಕೊಂಡೆ ಎಂದವರೂ ಇದ್ದಾರೆ. ಅವರ ಮಾತನ್ನು ನಾನು ಅತ್ತಿಗೆಯ ಕಿವಿಗೆ ಹಾಕಲಿಲ್ಲ.

ಒಬ್ಬಳು ನರ್ಸ್ ಹುಡುಗಿ ನಮ್ಮಲ್ಲಿಗೆ ಕಲಿಯಲು ಬಂದಳು. ಆಗ ಅವಳಿಗೆ ಇಪ್ಪತ್ತೇಳು. ಆಸ್ಪತ್ರೆಯ ವಾರ್ಡಿನಲ್ಲಿ ಪಾಳಿಯ ಕೆಲಸ. ಮೂರು ವರ್ಷದ ಮಗಳಿದ್ದಾಳೆ. ಇವಳು ಮನೆ ಸೇರುವ ಹೊತ್ತಿಗೆ ಅವಳು ನಿದ್ದೆ, ಅವಳು ಏಳುವ ಹೊತ್ತಿಗೆ ಇವಳು ನಿದ್ದೆ. ಹಾಸಿಗೆ ಹಿಡಿದವರ ಮನೆಗಳಿಗೆ ಸ್ವಂತ ಕಾರಿನಲ್ಲಿ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರುವ ಒಂದು ಹೊಸ ಹುದ್ದೆಗೆ ಆಸ್ಪತ್ರೆಯವರು ಅವಳನ್ನು ಆರಿಸಿದ್ದರು. ಅದು ಬರೀ ಹಗಲಿನ ಕೆಲಸ. ಆದರೆ ಮೂರು ತಿಂಗಳು ಕಳೆದು ಬರುವ ಒಂದನೇ ತಾರೀಕಿನೊಳಗೆ ಲೈಸೆನ್ಸ್ ತೋರಿಸಬೇಕು, ಇಲ್ಲದಿದ್ದರೆ ಹುದ್ದೆ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗುತ್ತದೆ.

ಅವಳು ಎರಡು ಸಲ ಫೇಲಾದಳು. ಎರಡು ಸಲವೂ ಒಂದೇ ಜಾಗ: ದಿಬ್ಬ. ಅರ್ಧ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಮುಂದಕ್ಕೆ ಹೋಗಬೇಕು. ಅತ್ತಿಗೆ ಪಕ್ಕದಲ್ಲಿದ್ದಾಗ ಹೂವೆತ್ತಿದ ಹಾಗೆ ಹೋಗುತ್ತಿದ್ದವಳು ಪರೀಕ್ಷಕ ಪಕ್ಕದಲ್ಲಿ ಕೂತ ಕೂಡಲೇ ಎರಡು ಮಾರು ಹಿಂದೆ ಜಾರಿದಳು. ಎರಡನೇ ಸಲ ಬಂದು ನನ್ನ ಮೇಜಿನ ಮುಂದೆ ಕೂತಾಗ ಅಳಲಿಲ್ಲ.

"ನನ್ನ ಕೈಲಾಗಲ್ಲ ಅನ್ಸುತ್ತೆ ಮೇಡಂ. ಪರೀಕ್ಷೆ ದಿನ ಕ್ಲಚ್ಚೇ ಬೇರೆ ಥರ ಇರುತ್ತೆ" ಎಂದಳು.

ಅವಳು ಹೋದ ಮೇಲೆ ಅತ್ತಿಗೆ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದರು. ನಾನೂ ನಕ್ಕೆ. ನಗಬಾರದಿತ್ತು.

ಮೂರನೇ ಪರೀಕ್ಷೆಗೆ ಹನ್ನೊಂದು ದಿನವಿತ್ತು, ಒಂದನೇ ತಾರೀಕಿಗೆ ಹದಿಮೂರು. ಅದೇ ಆ ತಿಂಗಳ ಕೊನೆಯ ಪರೀಕ್ಷೆ. ಆಗ ಅವಳು ಗಂಡನನ್ನು ಕರೆದುಕೊಂಡು ನೀಲಿ ಬಣ್ಣದ ಒಂದು ಪುಟ್ಟ ಎಲೆಕ್ಟ್ರಿಕ್ ಕಾರಿನಲ್ಲಿ ಬಂದಿಳಿದಳು. ಗಂಡ ಕನ್ನಡಕದಂಗಡಿಯಲ್ಲಿ ಲೆನ್ಸ್ ಉಜ್ಜುವವನು, ಮಾತು ಕಮ್ಮಿ. ಕಾರು ಸೆಕೆಂಡ್ ಹ್ಯಾಂಡು, ಬಾಗಿಲ ಮೇಲೊಂದು ಗೀರಿತ್ತು. ಅದನ್ನು ಮನೆಯಲ್ಲಿ ಚಾರ್ಜ್ ಮಾಡುವ ಹಾಗಿರಲಿಲ್ಲ. ನನ್ನ ಗೋಡೆಯಿಂದ ನಿಮ್ಮ ಕಾರು ಕರೆಂಟು ಕುಡಿಯೋದಾ ಎಂದು ಮನೆ ಮಾಲೀಕ ಜಗಳಕ್ಕೇ ಬಂದಿದ್ದನಂತೆ. ಆಸ್ಪತ್ರೆಯ ಹಿಂದೆ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕೆಲಸದವರಿಗೆಂದು ಎರಡು ಪ್ಲಗ್ ಇಟ್ಟಿದ್ದರು. ಗಂಡ ಕಾರನ್ನು ಅಲ್ಲಿ ಬಿಟ್ಟು ನಡೆದು ಅಂಗಡಿಗೆ ಹೋಗುತ್ತಾನೆ. ಅವಳ ಪಾಳಿ ಮುಗಿಯುವುದರೊಳಗೆ ಕಾರಿನ ಹೊಟ್ಟೆಯೂ ತುಂಬಿರುತ್ತದೆ. ಬಡವರ ಯೋಚನೆ ಬಹಳ ಚುರುಕು, ನನಗೆ ಮೆಚ್ಚುಗೆಯಾಯಿತು.

"ಮೇಡಂ, ಇದರಲ್ಲೇ ಕಲಿಸ್ತೀರಾ? ಪರೀಕ್ಷೆಗೂ ಇದನ್ನೇ ತಗೊಂಡು ಹೋಗ್ಬಹುದಂತೆ. ಕ್ಲಚ್ ಇಲ್ಲದ ಕಾರಿಗೆ ಮಾತ್ರ ಅಂತ ಲೈಸೆನ್ಸಲ್ಲಿ ಬರೀತಾರಂತೆ, ಅಷ್ಟೇ" ಎಂದಳು.

"ಅರ್ಧ ಲೈಸೆನ್ಸು" ಎಂದರು ಅತ್ತಿಗೆ. "ನನ್ನ ಹತ್ರ ಕಲಿತೋರು ಯಾವ ಕಾರು ಕೊಟ್ರೂ ಓಡಿಸ್ಬೇಕು. ಅರ್ಧ ಕಲಿಸಿ ಕಳಿಸೋಳಲ್ಲ ನಾನು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಹೋದರು. ಅವರು ಬೀದಿಯ ತಿರುವು ದಾಟುವವರೆಗೂ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆಮೇಲೆ ತೆಗೆದೆ.

"ಅತ್ತಿಗೆ, ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ಕಾರಿಗೆ ಮೂರೇ ಪೆಡಲು. ಆ ಹುಡುಗಿಗೆ ಬೇಕಿರೋದು ಮಗು ಎದ್ದಿರೋವಾಗ ಮನೇಲಿರೋದು. ನಿಮ್ಮ ಕ್ಲಚ್ ತಗೊಂಡು ಏನು ಮಾಡ್ತಾಳೆ? ಮಗುಗೆ ಜೋಗುಳ ಹಾಡ್ತಾಳಾ?"

ಅತ್ತಿಗೆ ಕಾರಿನ ಕನ್ನಡಿ ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಒರೆಸಿದರು. ಕೊನೆಗೆ ಬಟ್ಟೆ ಮಡಚಿಟ್ಟು ಹೇಳಿದರು: "ಆ ಕಾರಲ್ಲಿ ನನ್ನ ಕಡೆ ಪೆಡಲ್ ಇಲ್ಲ ಕಣೇ. ಕಾಲ ಕೆಳಗೆ ಬ್ರೇಕ್ ಇಲ್ದೆ ನಾನು ಕಲಿಯೋರ ಪಕ್ಕ ಕೂತು ಇಪ್ಪತ್ತೊಂಬತ್ತು ವರ್ಷ ಆಯ್ತು. ನಂಗೆ ಭಯ."

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಸಿಟ್ಟು ಜರ್ರನೆ ಇಳಿಯಿತು. "ನಾನೂ ಬರ್ತೀನಿ, ಹಿಂದೆ ಕೂತಿರ್ತೀನಿ" ಎಂದೆ. ನಾನು ಹಿಂದೆ ಕೂತರೆ ಕಾರು ನಿಲ್ಲುತ್ತದೆಯೇ? ಆದರೂ ಅವರು ಹೂಂ ಎಂದರು.

ಮರುದಿನ ಮಧ್ಯಾಹ್ನ ನರ್ಸನ್ನು ಅವಳ ಕಾರಿನ ಸಮೇತ ಕರೆಸಿಕೊಂಡು, ಮುಚ್ಚಿಹೋಗಿದ್ದ ಗೋದಾಮಿನ ಅಂಗಳಕ್ಕೆ ಹೋದೆವು. ಮೊದಲು ನಾನು ಓಡಿಸಿ ನೋಡುತ್ತೇನೆ, ಗೊತ್ತಿಲ್ಲದ್ದನ್ನು ಹೇಗೆ ಕಲಿಸಲಿ ಎಂದು ಅತ್ತಿಗೆ ಸ್ಟಿಯರಿಂಗ್ ಮುಂದೆ ಕೂತರು. ಗುಂಡಿ ಒತ್ತಿದರು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು. "ಈಗ ಆಫ್ ಆಯ್ತು ಮೇಡಂ" ಎಂದಳು ನರ್ಸು. ಮತ್ತೆ ಒತ್ತಿದರು. ಕಾರು ಹೊರಟಿತು, ಚೆನ್ನಾಗಿಯೇ ಹೊರಟಿತು. ತಿರುವಿನಲ್ಲಿ ವೇಗ ತಗ್ಗಿಸಬೇಕಾಯಿತು ನೋಡಿ, ನಲವತ್ತು ವರ್ಷದ ಅಭ್ಯಾಸ ಬಿಟ್ಟೀತೇ, ಅವರ ಎಡಗಾಲು ತಾನಾಗಿಯೇ ಎದ್ದು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಅಗಲವಾದ ಬ್ರೇಕಿನ ಮೇಲೆ ಧಡಾರನೆ ಬಿತ್ತು. ಕಾರು ನೆಟ್ಟ ಕಂಬವಾಯಿತು. ನನ್ನ ಮೂಗು ಮುಂದಿನ ಸೀಟಿಗೆ ಅಪ್ಪಳಿಸಿತು.

"ಕ್ಷಮಿಸು ಕಣೇ."

"ಮೂಗು ಇನ್ನೂ ಇದೆ, ಮುಂದೆ ಹೋಗಿ" ಎಂದೆ.

ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ಅತ್ತಿಗೆ ಎಡಗಾಲನ್ನು ಮಡಚಿ ಸೀಟಿನಡಿ ಸಿಕ್ಕಿಸಿಕೊಂಡು ಕೂತರು. ಆಮೇಲೆ ತಕರಾರಿಲ್ಲ. ಬಲಗಾಲು ಎತ್ತಿದರೆ ಸಾಕು, ಕಾರು ತಾನೇ ನಿಧಾನವಾಗುತ್ತದೆ ಎಂದು ಕಂಡುಕೊಂಡು ಅಂಗಳವನ್ನು ನಾಲ್ಕು ಸುತ್ತು ಹಾಕಿದರು. ಹಾಲಿನ ಕ್ಯಾನು ಇಟ್ಟಿದ್ದರೂ ಚೆಲ್ಲುತ್ತಿರಲಿಲ್ಲ. ಕೆಳಗಿಳಿಯುವಾಗ ಮುಖದಲ್ಲಿ ಸಣ್ಣ ನಗು ಇತ್ತು, ನನಗೆ ಕಾಣದಿರಲಿ ಎಂದು ಬೇರೆ ಕಡೆ ತಿರುಗಿದರು.

ಆಮೇಲೆ ಜಾಗ ಬದಲಾಯಿಸಿದರು. ನರ್ಸು ಓಡಿಸಿದಳು, ಅತ್ತಿಗೆ ಪಕ್ಕದಲ್ಲಿ ಕೂತರು, ನಾನು ಹಿಂದಿನ ಸೀಟಿನ ನಡುವೆ ಕೂತೆ. ಅಲ್ಲಿಂದ ಇಬ್ಬರ ಕಾಲೂ ನನಗೆ ಕಾಣುತ್ತಿತ್ತು. ಕಾರು ರಸ್ತೆಗೆ ಬಂದ ಕ್ಷಣದಿಂದ ಅತ್ತಿಗೆಯ ಎರಡು ಕಾಲೂ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಎದುರಿಗೆ ಬಸ್ಸು ಬಂದರೆ ಬಲಗಾಲು ಮ್ಯಾಟನ್ನು ಒತ್ತುತ್ತಿತ್ತು, ತಿರುವು ಬಂದರೆ ಎಡಗಾಲು ಒತ್ತುತ್ತಿತ್ತು. ಕೆಳಗೆ ಪೆಡಲಿಲ್ಲ, ಬರೀ ಮ್ಯಾಟು. ದಿಬ್ಬ ಬಂತು. ಅರ್ಧ ಏರಿನಲ್ಲಿ ನರ್ಸು ನಿಲ್ಲಿಸಿದಳು. ಅತ್ತಿಗೆಯ ಎಡಗಾಲು ಮೆಲ್ಲ ಮೆಲ್ಲಗೆ ಮೇಲೇಳುತ್ತಾ, ಅರ್ಧದಲ್ಲಿ ತಡೆಯುತ್ತಾ, ಮತ್ತಷ್ಟು ಏಳುತ್ತಾ, ಇಲ್ಲದ ಕ್ಲಚ್ಚನ್ನು ಎಷ್ಟು ನಾಜೂಕಾಗಿ ಬಿಟ್ಟಿತೆಂದರೆ ನಾನು ನೋಡುತ್ತಲೇ ಇದ್ದೆ. ಕಾರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನರ್ಸಿನ ಬಲಗಾಲಿನ ಮಾತಷ್ಟೇ ಕೇಳಿ ಮೇಲೆ ಹೋಯಿತು.

ದಿಬ್ಬದ ತುದಿಯಲ್ಲಿ ನಿಲ್ಲಿಸಿ ನರ್ಸು ಅತ್ತಿಗೆಯ ಕಾಲು ನೋಡಿ ನಕ್ಕಳು. ಮತ್ತೊಮ್ಮೆ ಬಗ್ಗಿ ಆ ಕಾಲನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಹಳೇ ಕಾರಲ್ಲೂ ನಿಮ್ಮ ಕಾಲು ಹೀಗೇ ಓಡಾಡ್ತಿತ್ತಾ?"

ಅತ್ತಿಗೆ ಬಾಗಿಲು ತೆಗೆದು ಇಳಿದು, ರಸ್ತೆ ಬದಿಯ ಮೋಟುಗೋಡೆಯ ಮೇಲೆ ಕೂತರು. ಹಳೆಯ ಕಾರಿನಲ್ಲಿ ಅವರ ಕಾಲ ಕೆಳಗೆ ಇದ್ದದ್ದು ಮ್ಯಾಟಲ್ಲ, ನಿಜವಾದ ಕ್ಲಚ್ಚು. ಹುಡುಗಿ ದಿಬ್ಬ ಹತ್ತಿದಳು ಎಂದು ನಾವೆಲ್ಲ ಅಂದುಕೊಂಡಿದ್ದಾಗ ಹತ್ತಿಸಿದ್ದು ಅತ್ತಿಗೆಯ ಕಾಲು. ಪರೀಕ್ಷೆಯ ದಿನ ಆ ಸೀಟಿನಲ್ಲಿ ಪರೀಕ್ಷಕ ಕೂರುತ್ತಿದ್ದ, ಅವನ ಕಾಲು ಸುಮ್ಮನಿರುತ್ತಿತ್ತು. ಕ್ಲಚ್ಚು ಬೇರೆ ಥರ ಇರದೆ ಇನ್ನೇನು?

ನಾನೂ ಅತ್ತಿಗೆಯ ಹತ್ತಿರವೇ ಕಲಿತವಳು. ಮೂವತ್ತನೇ ವಯಸ್ಸಿನಲ್ಲಿ ನಾಲ್ಕು ಸಲ ಪರೀಕ್ಷೆಗೆ ಹೋಗಿ ನಾಲ್ಕು ಸಲವೂ ಅದೇ ದಿಬ್ಬದಲ್ಲಿ ಜಾರಿ, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ಬಿಟ್ಟುಬಿಟ್ಟೆ. ಮೇಜಿನ ಹಿಂದೆ ಕೂತದ್ದು ಆಗಲೇ. ಇಪ್ಪತ್ತೆರಡು ವರ್ಷ ಬೇರೆಯವರ ಲೈಸೆನ್ಸಿಗೆ ಅರ್ಜಿ ತುಂಬಿದ್ದೇನೆ, ಎಲ್ಲಿಗೆ ಹೋಗಬೇಕಾದರೂ ಬಸ್ಸಿಗೆ ಕಾದಿದ್ದೇನೆ. ನನ್ನ ಕೈಲಾಗದ ಕೆಲಸ ಎಂದು ನಂಬಿದ್ದೆ. ಕಾರಿನೊಳಗೆ ಕೂತು ಗಾಜಿನಾಚೆ ಅತ್ತಿಗೆಯ ಬೆನ್ನು ನೋಡುತ್ತಾ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅತ್ತಿಗೆ ಎದ್ದು ಬಂದರು. ನರ್ಸಿನ ಕಿಟಕಿಯ ಬಳಿ ನಿಂತು, ಗಾಜು ಇಳಿಸಲು ಹೇಳಿ, ನೇರವಾಗಿ ಮಾತಾಡಿದರು.

"ಎರಡು ಸಲಾನೂ ಫೇಲಾಗಿದ್ದು ನೀನಲ್ಲಮ್ಮ, ನಾನು. ಧೈರ್ಯ ಇರೋರ ಪಕ್ಕ ನನ್ನ ಕಾಲು ಸುಮ್ಮನಿರುತ್ತೆ. ಅಂಜೋರ ಪಕ್ಕ ಕೂತ್ರೆ ಅದೇ ಹೋಗ್ಬಿಡುತ್ತೆ, ನಂಗೇ ಗೊತ್ತಾಗಲ್ಲ. ನಿಂಗೆ ಕಲಿಯೋಕೆ ನಾನು ಬಿಡ್ಲೇ ಇಲ್ಲ."

"ಹಾಗಾದ್ರೆ ನಂಗೆ ಬರುತ್ತಾ ಮೇಡಂ?"

"ಬರುತ್ತೆ. ಈಗ ಹತ್ತಿಸಿದ್ಯಲ್ಲ, ನನ್ನ ಕಾಲಿಗೆ ಇದರಲ್ಲಿ ಏನು ಕೆಲಸ ಇತ್ತು?"

ಹುಡುಗಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಹಾರನ್ ಒತ್ತಿಕೊಂಡು ಪೇಂ ಎಂದಿತು, ಎದುರು ಮನೆಯವರು ಹೊರಗೆ ಬಂದು ನೋಡಿದರು. ಅಷ್ಟು ದಿನ ಅಳದಿದ್ದವಳು ಆವತ್ತು ಪೂರ್ತಿ ಅತ್ತು ಮುಗಿಸಿದಳು.

ಉಳಿದ ದಿನಗಳಲ್ಲಿ ನೀಲಿ ಕಾರಿನಲ್ಲೇ ಕಲಿಸಿದರು. ದಿನ ಬಿಟ್ಟು ದಿನ ಹೋಗುತ್ತಿದ್ದರು, ಬ್ಯಾಟರಿ ತುಂಬಿದ್ದ ದಿನ ದೂರ ಹೋಗುತ್ತಿದ್ದರು. ನಡುವೆ ಒಂದು ದಿನ, ಬೇಕಾದರೆ ನಮ್ಮ ಕಾರಿನಲ್ಲೇ ಪರೀಕ್ಷೆ ಕೊಡು, ಈಗ ನೀನು ಕ್ಲಚ್ಚೂ ಕಲಿಯಬಲ್ಲೆ ಎಂದು ಅತ್ತಿಗೆ ಹೇಳಿ ನೋಡಿದರು.

"ಬೇಡ ಮೇಡಂ. ನಂಗೆ ಕೆಲಸ ಬೇಕು, ಪದಕ ಬೇಡ" ಎಂದಳು. ಅತ್ತಿಗೆ ಅದನ್ನೂ ಒಪ್ಪಿಕೊಂಡರು.

ಪರೀಕ್ಷೆಯ ದಿನ ನಾವಿಬ್ಬರೂ ದಿಬ್ಬದ ಕೆಳಗೆ ನಿಂತಿದ್ದೆವು. ನೀಲಿ ಕಾರು ಅರ್ಧ ಏರಿನಲ್ಲಿ ನಿಂತಿತು. ಅತ್ತಿಗೆ ನನ್ನ ಮುಂಗೈ ಹಿಡಿದುಕೊಂಡರು, ಉಗುರು ನಾಟಿತು. ಕಾರು ಕೂದಲೆಳೆಯಷ್ಟೂ ಹಿಂದೆ ಸರಿಯದೆ ಮೇಲೆ ಹೋಗಿ ಮರೆಯಾಯಿತು. ಕಾಲು ಗಂಟೆಯಾದ ಮೇಲೆ ಹುಡುಗಿ ಕಾಗದ ಹಿಡಿದುಕೊಂಡು ಬಂದಳು, ಪಾಸು. ಗಂಡನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಒಂದನೇ ತಾರೀಕಿಂದ ಸಂಜೆ ಮಗೂನ ನಾನೇ ಮಲಗಿಸ್ತೀನಿ."

ಆ ಹತ್ತೂ ದಿನ ನಾನು ಅತ್ತಿಗೆಯ ಜೊತೆ ಬೇಕಾದಷ್ಟೇ ಮಾತಾಡಿದ್ದೆ. ನನ್ನ ಸಿಟ್ಟು ಜೋರಾಗಿದ್ದಾಗ ಮನೆಯವರು ಹೆದರುವುದಿಲ್ಲ. ನಾನು ಸುಮ್ಮನಾದರೆ ಹೆದರುತ್ತಾರೆ. ಹುಡುಗಿ ಹೋದ ಮೇಲೆ ಅತ್ತಿಗೆ ನಮ್ಮ ಬಿಳಿ ಕಾರಿನ ಹತ್ತಿರ ನಿಂತರು, ಒಳಗೆ ಕೂರಲಿಲ್ಲ.

"ನಾಲ್ಕು ಸಲ ಅಲ್ವಾ ನೀನು?" ಎಂದರು.

"ನಾಲ್ಕು."

"ಆ ಗೋಡೆಗೆ ಗುದ್ದಿದ್ಮೇಲೆ ನಂಗೆ ಯಾರ ಮೇಲೂ ನಂಬಿಕೆ ಇರ್ಲಿಲ್ಲ. ನಿನ್ನ ಪಕ್ಕ ಕೂತಾಗಂತೂ ಇನ್ನೂ ಭಯ. ನಮ್ಮೋಳು, ಏನಾದ್ರೂ ಆದ್ರೆ ನಿಮ್ಮಣ್ಣಂಗೆ ಏನು ಹೇಳ್ಲಿ ಅಂತ." ಕಾರಿನ ಬಾಗಿಲ ಹಿಡಿಯನ್ನು ಸೆರಗಿನಲ್ಲಿ ಒರೆಸುತ್ತಾ, "ಇಪ್ಪತ್ತೆರಡು ವರ್ಷ ನಿನ್ನ ಬಸ್ಸಿಗೆ ನಿಲ್ಲಿಸ್ದೆ. ತಪ್ಪಾಯ್ತು ಕಣೇ" ಎಂದರು.

ಬೈಯಬೇಕೆಂದು ಹತ್ತು ದಿನದಿಂದ ಕೂಡಿಟ್ಟದ್ದೆಲ್ಲ ಎಲ್ಲೋ ಹೋಯಿತು. "ನಂಗೀಗ ಐವತ್ತೆರಡು" ಎಂದೆ, ಅಷ್ಟೇ.

"ದಿಬ್ಬಕ್ಕೆ ಅದು ಗೊತ್ತಿಲ್ಲ. ಕಾರು ಹತ್ತು."

ದಿಬ್ಬದಲ್ಲಿ ಬೇರೆ ಯಾವ ಗಾಡಿಯೂ ಇರಲಿಲ್ಲ. ಅರ್ಧ ಏರಿನವರೆಗೆ ಅತ್ತಿಗೆಯೇ ಓಡಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರು. ನಾನು ಸ್ಟಿಯರಿಂಗ್ ಮುಂದೆ ಕೂತೆ. ಅತ್ತಿಗೆ ಪಕ್ಕದ ಸೀಟಿಗೆ ಬಂದು, ಚಪ್ಪಲಿ ಬಿಟ್ಟು, ಎರಡು ಕಾಲೂ ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಕಡೆಯ ಪೆಡಲುಗಳು ಕೆಳಗೆ ಖಾಲಿ ಇದ್ದವು.

ಮೊದಲ ಸಲ ಎಂಜಿನ್ ಆಫ್ ಆಯಿತು. ಎರಡನೇ ಸಲವೂ ಆಯಿತು. ಮೂರನೇ ಸಲ ಹ್ಯಾಂಡ್‌ಬ್ರೇಕ್ ಬಿಟ್ಟ ಕೂಡಲೇ ಕಾರು ಹಿಂದಕ್ಕೆ ಜಾರಿತು.

"ಅತ್ತಿಗೆ, ಹಿಂದೆ ಹೋಗ್ತಿದೆ."

"ಹೋಗ್ಲಿ."

"ಅತ್ತಿಗೆ, ಕಾಲು ಇಳಿಸಿ."

"ನಾನಿಲ್ಲ ಅನ್ಕೋ."

ನನ್ನ ಎಡಗಾಲಿನ ಕೆಳಗೆ ಏನೋ ನಡುಗಿತು. ಕ್ಲಚ್ಚು ಹಿಡಿದುಕೊಳ್ಳುವ ಜಾಗ ಅದೇ ಇರಬೇಕು, ಅಲ್ಲೇ ತಡೆದೆ. ಜಾರುತ್ತಿದ್ದ ಕಾರು ನಿಂತಿತು, ಮೆಲ್ಲಗೆ ಮುಂದಕ್ಕೆ ಸರಿಯಿತು. ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದೆ. ಅತ್ತಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತಮ್ಮ ಎಡಗಾಲನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು.